ಅವ್ವ ಕೂತ ನಾಡಿಮಣೆ

ಮೈಸೂರಿನ ಆ ಪ್ರಯೋಗಾಲಯದಲ್ಲಿ ಬೋರೇಶನಿಗಿದ್ದದ್ದು ಒಂದೇ ಕೆಲಸ: ನಾಡಿಮಣೆ ಗೊರಗೊರ ಅನ್ನದಂತೆ ನೋಡಿಕೊಳ್ಳುವುದು. ಮದುವೆ ಮನೆಗಳಲ್ಲಿ ಡಿಜೆ ಹಾಕುತ್ತಾ, ಹರಿದ ಸ್ಪೀಕರುಗಳಿಗೆ ಅಂಟು ಮೆತ್ತುತ್ತಾ ಬೆಳೆದ ಹುಡುಗ. ಅಲ್ಲಿಯೇ ಎಂಜಿನಿಯರಾಗಿದ್ದ ಅಕ್ಕ ಪ್ರತಿಮಾ ಅವನನ್ನು ಒಂದಷ್ಟು ತಿಂಗಳ ಮಟ್ಟಿಗೆ ಒಳಗೆ ಸೇರಿಸಿದ್ದಳು. ಷರತ್ತು ಒಂದೇ. "ಇಲ್ಲಿ ನಿನ್ನ ಸಿನಿಮಾ ಡೈಲಾಗ್ ಬೇಡ. ಬಾಯಿಗೆ ಜಿಪ್ ಹಾಕ್ಕೊಂಡು ಕೆಲಸ ಮಾಡು."

ಜಿಪ್ ಮೊದಲನೇ ದಿನವೇ ಕಿತ್ತುಹೋಯಿತು.

"ಅಕ್ಕ, ಮದ್ವೆ ಆಗೋರಿಗೆ ಹಸೆಮಣೆ, ಮದ್ವೆ ಆಗಿ ನೊಂದೋರಿಗೆ ನಾಡಿಮಣೆ. ಹೆಂಗೈತೆ ಪಂಚು?"

"ಸ್ಕ್ರೂ ಬಿಗಿ ಮಾಡು."

ನೋಡುವುದಕ್ಕೆ ಅದು ನಿಜಕ್ಕೂ ಮಣೆಯೇ. ಮನುಷ್ಯ ಮಲಗುವಷ್ಟು ಉದ್ದ, ನಾಲ್ಕು ಬೆರಳು ದಪ್ಪ. ರೋಗಿಗಳು ಹೆದರದಿರಲಿ ಎಂದು ಮೇಲೆ ತೇಗದ ಬಣ್ಣ. ಹೊಟ್ಟೆಯೊಳಗೆ ಮಾತ್ರ ಒಂದು ಗುದ್ದುಯಂತ್ರ. ದೊಡ್ಡ ಬೇಸ್ ಸ್ಪೀಕರಿನ ಕಾಗದವನ್ನು ಕಿತ್ತು ಹಾಕಿ, ಅದರ ಗುದ್ದನ್ನಷ್ಟೇ ಉಳಿಸಿಕೊಂಡ ಹಾಗೆ. ಅದರ ಸದ್ದು ಕಿವಿಗೆ ಬೀಳುವುದಿಲ್ಲ, ಬೆನ್ನುಮೂಳೆ ಹತ್ತಿ ನೇರ ಎದೆಗೆ ಹೋಗುತ್ತದೆ. ತಾಳ ತಪ್ಪಿದ ದುರ್ಬಲ ಹೃದಯದವರು ಅದರ ಮೇಲೆ ಮಲಗಿದರೆ ಮಣೆ ಹದವಾಗಿ ಗುದ್ದುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಹೃದಯ ಆ ಗುದ್ದಿನ ಹಿಂದೆಯೇ ಹೆಜ್ಜೆ ಹಾಕತೊಡಗುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಮಣೆಯ ಇನ್ನೊಂದು ಭಾಗ ಸೆನ್ಸರು. ಮೇಲಿರುವವರ ಎದೆಬಡಿತವನ್ನು ಅದು ಕೇಳಿಸಿಕೊಂಡು ಗಾಜಿನಾಚೆಗಿನ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಅಲ್ಲಿನ ಗೋಡೆಯ ಮೇಲೆ ಒಂದೊಂದು ಮಣೆಗೂ ಒಂದೊಂದು ಹಸಿರು ಗೆರೆ. ಅವುಗಳೆದುರಿಗೆ ಕೂರುವವಳು ಪ್ರತಿಮಾ.

ಒಮ್ಮೆ ಬೋರೇಶ ಯಾವುದೋ ತಂತಿ ಬದಲಾಯಿಸಲೆಂದು ಪ್ಲಗ್ಗಿಗೆ ಕೈ ಹಾಕಿದ್ದ. ಮಣೆಯ ಮೇಲೆ ಒಬ್ಬ ಅಜ್ಜ ಮಲಗಿದ್ದರು. ಪ್ರತಿಮಾ ಗಾಜಿನ ಬಾಗಿಲು ತಳ್ಳಿಕೊಂಡು ಬಂದವಳೇ ಅವನ ಕೈಗೆ ಪಟೀರನೆ ಬಾರಿಸಿದಳು.

"ಓಡೋ ಬಸ್ಸಿಂದ ಇಳಿಯೋನು ಒಂದಷ್ಟು ದೂರ ಬಸ್ಸಿನ ಜೊತೆ ಓಡ್ಬೇಕು ಕಣೋ. ಹೃದಯ ಈಗ ನಮ್ಮ ಗುದ್ದು ಹಿಡ್ಕೊಂಡು ಓಡ್ತಿದೆ. ದಿಢೀರಂತ ಆಫ್ ಮಾಡಿದ್ರೆ ಮುಗ್ಗರಿಸುತ್ತೆ."

"ಮುಗ್ಗರಿಸಿದ್ರೆ ಎದ್ದೇಳತ್ತೆ ಬುಡಕ್ಕ."

"ಒಂದೊಂದು ಸಲ ಏಳಲ್ಲ."

ಬೋರೇಶ ಪ್ಲಗ್ಗಿನಿಂದ ದೂರ ಸರಿದು ನಿಂತ. ಆಮೇಲೆ ಊಟದ ಹೊತ್ತಿಗೆ ಮೆಲ್ಲಗೆ ಕೇಳಿದ, "ನಾನು ಮಲಗಿದ್ರೂ ಹಂಗೇ ಆಯ್ತದಾ?"

"ನಿಂಗೇನೂ ಆಗಲ್ಲ. ನಾವೆಲ್ಲಾ ಮಲಗಿ ನೋಡಿದೀವಿ. ಗಟ್ಟಿ ಹೃದಯ ಹೊರಗಿನ ತಾಳನ ಕ್ಯಾರೇ ಅನ್ನಲ್ಲ. ಅದು ದುರ್ಬಲ ಹೃದಯದವರಿಗೆ ಮಾತ್ರ."

ಬೋರೇಶನ ತಲೆಯಲ್ಲಿ ಹುಳ ಬಿಟ್ಟದ್ದು ಆ ಮಾತೇ.

ಅವನ ನಿಜವಾದ ಬದುಕು ಇದ್ದದ್ದು ಮಂಡ್ಯದಲ್ಲಿ, ಮನೆಯ ಹಿಂದಿನ ಕೋಣೆಯಲ್ಲಿ. ಅದನ್ನವನು ಸ್ಟುಡಿಯೋ ಅನ್ನುತ್ತಿದ್ದ, ಅವ್ವ ಪುಟ್ಟತಾಯಮ್ಮ ಉಗ್ರಾಣ ಅನ್ನುತ್ತಿದ್ದರು. ಇಬ್ಬರದೂ ಸರಿಯೇ. ಕಂಪ್ಯೂಟರು, ಕೀಬೋರ್ಡು, ಎರಡು ಸ್ಪೀಕರುಗಳ ಪಕ್ಕದಲ್ಲಿಯೇ ರಾಗಿ ಮೂಟೆ. ಮೂಲೆಗಳಲ್ಲಿ ಬೇಸ್ ಗುಂಪುಗಟ್ಟಿ ಗುಯ್‌ಗುಟ್ಟದಿರಲಿ ಎಂದು ನಿಲ್ಲಿಸಿದ ಹಳೆಯ ಹತ್ತಿ ಹಾಸಿಗೆಗಳು. ಅಟ್ಟದ ಮೇಲೆ ಅವ್ವನ ಸ್ಟೀಲ್ ಪಾತ್ರೆಗಳು. ಬೇಸ್ ಒಂದು ಸ್ವರಕ್ಕೆ ಇಳಿದರೆ ಲೋಟಗಳು ನಡುಗುತ್ತಿದ್ದವು, ಇನ್ನೂ ಕೆಳಗಿಳಿದರೆ ಕೊಳಗ ಗೊಣಗುತ್ತಿತ್ತು. ಕೊಳಗ ಗೊಣಗಿತೆಂದರೆ ಆಚೆ ಮನೆಯ ಜಯಮ್ಮನೂ ಗೊಣಗುತ್ತಾರೆಂದು ಅರ್ಥ. ಹಾಗಾಗಿ ಹಗಲೆಲ್ಲ ಹೆಡ್‌ಫೋನೇ ಗತಿ.

ಹೆಡ್‌ಫೋನಿನಲ್ಲಿ ಬೇಸ್ ಕೇಳುತ್ತದೆ, ತಾಗುವುದಿಲ್ಲ. ಬೇಸ್ ಮ್ಯೂಸಿಕ್ಕಿನ ಮಜಾ ಇರುವುದು ಕಿವಿಯಲ್ಲಲ್ಲ, ಪಕ್ಕೆಲುಬಿನಲ್ಲಿ. ಅದು ಎದೆಗೆ ಎಷ್ಟು ತಾಗುತ್ತಿದೆಯೆಂದು ಗೊತ್ತಾಗದೆ ಮಿಕ್ಸ್ ಮಾಡುವುದೆಂದರೆ ಉಪ್ಪು ನೋಡದೆ ಸಾರು ಮಾಡಿದ ಹಾಗೆ. ಎದೆಗೆ ನೇರ ಗುದ್ದುವ ಮಣೆ ಪ್ರಯೋಗಾಲಯದ ಮೂಲೆಯಲ್ಲಿ ಬಿದ್ದಿತ್ತು. ಬಿಚ್ಚಿ ಭಾಗ ತೆಗೆಯಲೆಂದು ಎತ್ತಿಟ್ಟಿದ್ದ ಎರಡನೇ ನಂಬರಿನ ಹಳೇ ಮಣೆ. ಒಂದು ಶುಕ್ರವಾರ ಸಂಜೆ ಬೋರೇಶ ಅದಕ್ಕೆ ಬೆಡ್‌ಶೀಟ್ ಸುತ್ತಿ ಹೆಗಲ ಮೇಲೇರಿಸಿದ.

"ಏನಪ್ಪಾ ಅದು?" ಎಂದ ಗೇಟಿನ ಸೆಕ್ಯುರಿಟಿ.

"ಚಪಾತಿ ಮಣೆ ಕಣಣ್ಣ."

"ಇಷ್ಟುದ್ದ?"

"ಮನೇಲಿ ಜನ ಜಾಸ್ತಿ."

ಸೆಕ್ಯುರಿಟಿಯವನು ನಕ್ಕು ಗೇಟು ತೆಗೆದ. ನಗಿಸಿದರೆ ಯಾವ ಬಾಗಿಲಾದರೂ ತೆಗೆಯುತ್ತದೆ ಎಂಬುದು ಬೋರೇಶ ಅಲ್ಲಿಯವರೆಗೆ ನಂಬಿಕೊಂಡು ಬಂದ ಏಕೈಕ ವಿಜ್ಞಾನ.

ಮರುದಿನ ಬೆಳಗ್ಗೆ ಮಣೆಯನ್ನು ಕುರ್ಚಿಯ ಹಿಂದೆ ನೆಲದ ಮೇಲೆ ಹಾಸಿ, ಮನೆಯ ವೈಫೈ ಕೊಟ್ಟು, ಕಂಪ್ಯೂಟರಿಗೆ ಜೋಡಿಸಿದ. ಅಂಗಾತ ಮಲಗಿ ತನ್ನ ಹೊಸ ಟ್ರ್ಯಾಕ್ ಹಾಕಿಕೊಂಡ. ಕೆಳಗಿನ ಬೇಸ್ ಬೆನ್ನಿನೊಳಗೆ ಕೈ ಹಾಕಿ ಎತ್ತಿದ ಹಾಗಾಯಿತು. "ಅಯ್ಯಪ್ಪಾ," ಎಂದ ಒಬ್ಬನೇ, "ಇನ್ಮೇಲೆ ಥಿಯೇಟರ್ ಅಲ್ಲ, ಊರೇ ಹೌಸ್‌ಫುಲ್ಲು."

ಆಗಲೇ ಅವನಿಗೆ ಕಿಡಿಗೇಡಿ ಯೋಚನೆ ಹೊಳೆದದ್ದು. ಸೆನ್ಸರು ಹೇಗೂ ಎದೆಬಡಿತ ಕೊಡುತ್ತಿದೆ. ಅದನ್ನೇ ಟ್ರ್ಯಾಕಿನ ಕಿಕ್ ಮಾಡಿದರೆ? ಕಿಕ್ ಅಂದರೆ ಡಬ್ ಡಬ್ ಎನ್ನುವ ಆ ದಪ್ಪ ಡ್ರಮ್ಮಿನ ಏಟು, ಇಡೀ ಹಾಡು ನಿಂತಿರುವುದು ಅದರ ಮೇಲೆ. ಕಿಕ್ ಬಂದಾಗಲೆಲ್ಲ ಬೇಸ್ ಒಂಚೂರು ಬಗ್ಗಿ ದಾರಿ ಬಿಡಬೇಕು, ಕಂಡಕ್ಟರ್ ಬಂದಾಗ ನಿಂತ ಪ್ರಯಾಣಿಕರು ಹೊಟ್ಟೆ ಒಳಗೆಳೆದುಕೊಂಡ ಹಾಗೆ. ಹೃದಯ ಬಡಿದಾಗಲೆಲ್ಲ ಒಂದು ಕಿಕ್, ಕಿಕ್ ಬಿದ್ದಾಗಲೆಲ್ಲ ಮಣೆಗೆ ಒಂದು ಗುದ್ದು. ಎದ್ದು ಕೂತು ತಂತಿಗಳನ್ನು ಹಾಗೆಯೇ ತಿರುಗಿಸಿದ. ಮಲಗಿಕೊಂಡು ತನ್ನ ಬಡಿತವನ್ನು ಒಂದು ನಿಮಿಷ ರೆಕಾರ್ಡ್ ಮಾಡಿದ. ಮಲಗಿದಲ್ಲಿಂದ ಮೌಸ್ ಕೈಗೆ ಎಟುಕದ್ದರಿಂದ ಎದ್ದು ಕುರ್ಚಿಗೆ ಹೋಗಿ, ಮಣೆಗೆ ಬೆನ್ನು ಹಾಕಿ, ಹೆಡ್‌ಫೋನ್ ಏರಿಸಿ ಮಿಕ್ಸಿಂಗಿಗೆ ಇಳಿದ. ತಂತಿ ಕಿತ್ತಿರಲಿಲ್ಲ. ಯಾಕೆ ಕೀಳಬೇಕು? ಮಣೆ ಖಾಲಿ ಇತ್ತಲ್ಲ.

ಮಧ್ಯಾಹ್ನದ ಹೊತ್ತಿಗೆ ಕಿಕ್ ಬರತೊಡಗಿತು.

ತನ್ನದೇ ರೆಕಾರ್ಡಿಂಗು ಸುತ್ತು ಹೊಡೆಯುತ್ತಿದೆ ಎಂದುಕೊಂಡ ಬೋರೇಶ. ಆದರೆ ಬೆಳಗ್ಗೆ ಕೇಳಿದ್ದಕ್ಕಿಂತ ಈಗ ಅದರಲ್ಲೇನೋ ಜೀವವಿತ್ತು. ಕಂಪ್ಯೂಟರಿನ ಕಿಕ್ ಪೊಲೀಸ್ ಪರೇಡಿನ ಹಾಗಿರುತ್ತದೆ. ಇದು ಹೆಂಗಸೊಬ್ಬಳು ಕೊಡ ಹೊತ್ತು ನಡೆದ ಹಾಗೆ, ಒಂದೊಂದು ಹೆಜ್ಜೆಗೂ ಕೂದಲೆಳೆಯ ಏರುಪೇರು. ಅದರ ಕೆಳಗೆ ಬೇಸ್ ಎಳೆದ. ಮೇಲೆ ಚಿಸ್ ಚಿಸ್ ಎನ್ನುವ ಹೈಹ್ಯಾಟ್ ತಾಳ ಉದುರಿಸಿದ. ಪರದೆಯ ಮೂಲೆಯಲ್ಲಿ ವೇಗ ತೊಂಬತ್ತು ತೋರಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ನೂರಾಯಿತು. ಅದು ತಾನಾಗಿಯೇ ಏರುತ್ತಿದ್ದದ್ದು ಅವನಿಗೆ ಇನ್ನೂ ಖುಷಿ ಕೊಟ್ಟಿತು. ಏನೋ ದೊಡ್ಡದು ಬರಲಿದೆ, ಓಡಿ ಬಾ ಎಂದು ಕೈ ಹಿಡಿದೆಳೆಯುವ ಏರಿಕೆ. ಇಷ್ಟು ವರ್ಷ ಹುಡುಕಿದರೂ ಸಿಗದ ಕುಣಿತ ಇವತ್ತು ಪುಕ್ಕಟೆ ಸಿಕ್ಕಿತ್ತು. ನೂರಹತ್ತು. ಕುರ್ಚಿಯಲ್ಲೇ ಭುಜ ಕುಣಿಸತೊಡಗಿದ.

ಮೇಜಿನ ಮೇಲೆ ಫೋನು ಮಿನುಗಿತು. ಅಕ್ಕ. ಮಣೆ ಕಾಣೆಯಾದದ್ದು ಗೊತ್ತಾಗಿದೆ, ಉಗಿಯುತ್ತಾಳೆ ಎಂದು ಬಿಟ್ಟ. ಮತ್ತೆ ಮಿನುಗಿತು. ಮತ್ತೆ. ಕೊನೆಗೆ ಹೆಡ್‌ಫೋನಿನ ಒಂದು ಕಿವಿ ಸರಿಸಿ ಫೋನು ಒತ್ತಿಕೊಂಡ.

"ಹೇಳಮ್ಮ ತಾಯೀ. ಕಳ್ಳನೇ ಲೈನಲ್ಲಿದಾನೆ, ಶರಣಾಗತಿ."

"ಮಣೆ ಮೇಲೆ ಯಾರಿದಾರೆ?"

"ಯಾವ ಮಣೆ?"

"ಬೋರ, ಆಟ ಆಡ್ಬೇಡ. ಎರಡನೇ ನಂಬರಿನ ಗೆರೆ ನನ್ನ ಗೋಡೆ ಮೇಲೆ ಓಡ್ತಿದೆ. ನೂರಾ ಇಪ್ಪತ್ತನಾಲ್ಕು. ಮಣೆ ಮೇಲೆ ಯಾರು?"

"ಯಾರೂ ಇಲ್ಲ ಕಣಕ್ಕ, ಅದು ನನ್ದೇ ರೆಕಾರ್ಡಿಂ..." ಎನ್ನುತ್ತಾ ಕುರ್ಚಿ ತಿರುಗಿಸಿದ.

ಮಣೆಯ ಮೇಲೆ ಅವ್ವ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಮುಂದೆ ನೆನೆಸಿದ ಅವರೆಕಾಳಿನ ಪಾತ್ರೆ, ಪಕ್ಕದಲ್ಲಿ ಸಿಪ್ಪೆಯ ಗುಡ್ಡೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಹಿಸುಕುತ್ತಿದ್ದರು. ಪಚಕ್ ಎಂದು ಬೇಳೆ ತಟ್ಟೆಗೆ ಹಾರುತ್ತಿತ್ತು. ಪಚಕ್, ಪಚಕ್, ಪಚಕ್. ಅವರ ಮುಖ ಕೆಂಪೇರಿತ್ತು. ಮೇಲ್ದುಟಿಯ ಮೇಲೆ ಬೆವರು.

"ಅವ್ವ!"

"ಕಿರುಚ್ಬ್ಯಾಡ ಕಣ್ಲಾ, ಇಲ್ಲೇ ಇವ್ನಿ."

"ಅಲ್ಯಾಕ್ ಕುಂತಿದೀಯ?"

"ನೆಲ ಥಂಡಿ ಅಂತ ಮಣೆ ಮ್ಯಾಲೆ ಕುಂತೆ. ಬೆಚ್ಚಗೈತೆ. ಜುಮುಜುಮು ಅಂತದೆ, ಮಂಡಿಗೆ ಇತವಾಗೈತೆ. ಯಾರು ಫೋನಲ್ಲಿ, ಪ್ರತಿಮನಾ?"

ನಾಡಿಮಣೆಯನ್ನು ಮಾಡಿದವರು ಬೆಂಕಿ, ನೀರು, ಕರೆಂಟು ಎಲ್ಲದರ ಬಗ್ಗೆಯೂ ತಲೆ ಕೆಡಿಸಿಕೊಂಡಿದ್ದರು. ನೆಲದ ಮೇಲೆ ಬಿದ್ದಿರುವ ಮಣೆಯನ್ನು ಕಂಡ ತಾಯಿ ಅದರ ಮೇಲೆ ಕೂರದೆ ಇರುವುದಿಲ್ಲ ಎಂಬುದು ಯಾರ ತಲೆಗೂ ಬಂದಿರಲಿಲ್ಲ. ಮಣೆ ಮೇಲೆ ಕೂತ ತಾಯಿಯನ್ನು ದಿನಾ ನೋಡುತ್ತಾ ಬೆಳೆದ ಬೋರೇಶನ ತಲೆಗೂ.

"ಅಕ್ಕ," ಎಂದ. "ಅವ್ವ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು.

"ಏಳಿಸ್ಬೇಡ," ಎಂದಳು ಪ್ರತಿಮಾ. ದನಿ ತೀರಾ ತಗ್ಗಿತ್ತು. "ಏನೂ ಆಫ್ ಮಾಡ್ಬೇಡ. ಏನೇನು ಮಾಡಿದೀಯ, ಒಂದೂ ಬಿಡದೆ ಹೇಳು."

ಹೇಳಿದ. ಸೆನ್ಸರಿನಿಂದ ಕಿಕ್ಕಿಗೆ, ಕಿಕ್ಕಿನಿಂದ ಮಣೆಗೆ.

"ಅವ್ವನ ಬಡಿತಾನ ಅವ್ವಂಗೇ ವಾಪಸ್ ಕೊಟ್ಟಿದೀಯ."

"ಗಟ್ಟಿ ಹೃದಯ ಕ್ಯಾರೇ ಅನ್ನಲ್ಲ ಅಂದಿದ್ದೆ ನೀನು!"

"ಬೇರೆಯವರ ತಾಳಕ್ಕೆ ಅನ್ನಲ್ಲ. ತನ್ನದೇ ತಾಳ ಅಂದ್ರೆ ಅದಕ್ಕೆ ಅನುಮಾನ ಯಾಕ್ ಬರುತ್ತೆ? ನಾವ್ಯಾರೂ ಅದನ್ನ ಮಾಡಿ ನೋಡೇ ಇರ್ಲಿಲ್ಲ." ಅವಳು ಉಸಿರೆಳೆದುಕೊಂಡಳು. "ಆದ್ರೆ ಏರ್ತಿರೋದ್ಯಾಕೆ? ಅವಳದನ್ನೇ ಕೊಟ್ರೆ ಇದ್ದಲ್ಲೇ ಇರ್ಬೇಕಲ್ಲ. ನೂರಾ ಮೂವತ್ತೊಂದು ಬೋರ. ಯಾಕೆ?"

ಬೋರೇಶ ಪರದೆಯತ್ತ ತಿರುಗಿದ. ಕಾರಣ ಅಲ್ಲಿಯೇ ಮೂಲೆಯಲ್ಲಿ, ಹಸಿರು ಬಣ್ಣದಲ್ಲಿ ಹೊಳೆಯುತ್ತಾ ಕೂತಿತ್ತು. ಸದ್ದು ಕಂಪ್ಯೂಟರಿನೊಳಗೆ ಹೊಕ್ಕು ಹೊರಬರುವಷ್ಟರಲ್ಲಿ ಚೂರು ತಡವಾಗುತ್ತದೆ. ಆ ತಡವನ್ನು ಮುಚ್ಚಲು ಸಾಫ್ಟ್‌ವೇರು ಪ್ರತಿ ಏಟನ್ನೂ ಅಷ್ಟೇ ಮುಂಚಿತವಾಗಿ ಊಹಿಸಿ ಹೊಡೆಯುತ್ತದೆ. ಮನೆಯಲ್ಲಿ ಮಿಕ್ಸ್ ಮಾಡುವವರು ಯಾರೂ ಅದನ್ನು ಆಫ್ ಮಾಡುವುದಿಲ್ಲ, ಮಾಡಿದರೆ ಹಾಡು ಕುಂಟುತ್ತದೆ. ಈಗ ಅದು ಅವ್ವನ ಮುಂದಿನ ಬಡಿತವನ್ನು ಊಹಿಸಿ ಒಂದು ಕೂದಲೆಳೆ ಮುಂಚೆ ಗುದ್ದುತ್ತಿತ್ತು. ಹೃದಯ ಅದನ್ನು ನಂಬಿ ಒಂದು ಕೂದಲೆಳೆ ಮುಂಚೆ ಬಡಿಯುತ್ತಿತ್ತು. ಸೆನ್ಸರು ಅದನ್ನೇ ಹೊಸ ಲೆಕ್ಕವೆಂದು ಒಯ್ದು ಕೊಡುತ್ತಿತ್ತು, ಸಾಫ್ಟ್‌ವೇರು ಅದಕ್ಕೂ ಮುಂಚೆ.

ತಾನು ಇಷ್ಟು ಹೊತ್ತು ಭುಜ ಕುಣಿಸಿದ್ದು ಯಾವುದಕ್ಕೆಂದು ಬೋರೇಶನಿಗೆ ಗೊತ್ತಾಯಿತು.

ಹಸಿರು ಗುಂಡಿಯನ್ನು ಒತ್ತಿದ. ಅದು ಬೂದು ಬಣ್ಣಕ್ಕೆ ತಿರುಗಿತು. ನೂರಾ ಮೂವತ್ತನಾಲ್ಕಕ್ಕೆ ಏರಿಕೆ ನಿಂತಿತು. ಇಳಿಯಲಿಲ್ಲ.

"ನಿಂತೈತೆ," ಎಂದ.

"ಈಗ ಉಲ್ಟಾ ಮಾಡು. ಪ್ರತಿ ಏಟೂ ಚೂರು ತಡ. ಚೂರು ಅಂದ್ರೆ ಚೂರು. ಜಾಸ್ತಿಯಾದ್ರೆ ಇದು ನನ್ನ ತಾಳ ಅಲ್ಲ ಅಂತ ಹೃದಯಕ್ಕೆ ಗೊತ್ತಾಗುತ್ತೆ, ಕೈ ಬಿಡುತ್ತೆ. ಈ ಸ್ಪೀಡಲ್ಲಿ ಕೈ ಬಿಟ್ರೆ..."

"ಗೊತ್ತು. ಹೇಳ್ಬ್ಯಾಡ."

ಆದರೆ ಕೂದಲೆಳೆಯಷ್ಟು ತಡ ಮಾಡುತ್ತಾ ಕೂತರೆ ಇಳಿಯುವುದು ಎಷ್ಟು ಹೊತ್ತಿಗೆ? ಬೋರೇಶನಿಗೆ ಇನ್ನೊಂದು ದಾರಿ ಗೊತ್ತಿತ್ತು, ಬೇಸ್ ಮ್ಯೂಸಿಕ್ ಮಾಡುವವರೆಲ್ಲರಿಗೂ ಗೊತ್ತಿರುವ ದಾರಿ. ನೂರಾ ನಲವತ್ತರಲ್ಲಿ ಓಡುವ ಹಾಡಿನಲ್ಲಿ ಒಂದು ಬಿಟ್ಟು ಒಂದು ಕಿಕ್ ತೆಗೆದುಬಿಟ್ಟರೆ ಅದು ಎಪ್ಪತ್ತರ ಹಾಗೆ ಕೇಳುತ್ತದೆ. ಓಡುತ್ತಿದ್ದ ಜನ ಒಮ್ಮೆಲೇ ತೂಗತೊಡಗುತ್ತಾರೆ. ಎಷ್ಟು ಮದುವೆ ಮನೆಗಳಲ್ಲಿ ಮಾಡಿಲ್ಲ ಅವನು? ಅಕ್ಕನನ್ನು ಕೇಳಲಿಲ್ಲ. ಒಂದು ಬಿಟ್ಟು ಒಂದು ಕಿಕ್ಕಿನ ಸದ್ದನ್ನು ಮೆಲ್ಲಗೆ ತಗ್ಗಿಸಿದ.

ಅವ್ವನ ಬೆರಳು ನಿಂತಿತು.

ಹಿಸುಕದ ಕಾಳು ಎರಡು ಬೆರಳ ನಡುವೆಯೇ ಇತ್ತು. ಅವರು ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, ಯಾರೋ ಹಿಂದಿನಿಂದ ಕರೆದಂತೆ ತಲೆ ಓರೆ ಮಾಡಿದರು.

"ಎದೆ ಒಂಥರಾ ಆಯ್ತಲ್ಲ ಕಣ್ಲಾ."

"ಏನ್ ಮಾಡ್ದೆ?" ಫೋನಿನಲ್ಲಿ ಪ್ರತಿಮಾ ಕಿರುಚಿದಳು. "ಗೆರೆ ಚೂರುಚೂರಾಗ್ತಿದೆ! ಏನ್ ಮಾಡ್ದೆ ನೀನು? ವಾಪಸ್ ಹಾಕು!"

ವಾಪಸ್ ಹಾಕಿದ. ಒಂದು ಏಟು, ಇನ್ನೊಂದು. ಮೂರನೆಯದಕ್ಕೆ ಹೃದಯ ತಡವರಿಸಿ ಬಂದು ಕೂಡಿಕೊಂಡಿತು. ಅವ್ವ ಎದೆಯಿಂದ ಕೈ ತೆಗೆದರು. ಪಚಕ್.

"ಗ್ಯಾಸು ಅನ್ಸತ್ತೆ," ಎಂದರು. "ಬೆಳಿಗ್ಗೆ ಉದ್ದಿನೊಡೆ ತಿನ್ಬಾರ್ದಿತ್ತು."

"ಹೃದಯ ನಿನ್ನ ಡ್ರಮ್ ಅಲ್ಲ ಬೋರ," ಎಂದಳು ಪ್ರತಿಮಾ. "ಇನ್ನೊಂದ್ಸಲ ಜಾಣತನ ತೋರಿಸ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಅಕ್ಕ ಅವನಿಗೆ ಹಾಗೆ ಹೇಳಿದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಅವನು ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಡವನ್ನು ಒಂದು ಕೂದಲೆಳೆ ಏರಿಸಿದ. ನೂರಾ ಮೂವತ್ಮೂರು. ಕಾದ. ನೂರಾ ಮೂವತ್ತೆರಡು.

ಆಗ ಅಡುಗೆ ಮನೆಯಿಂದ ವಾಸನೆ ಬಂತು.

"ಅಯ್ಯೋ, ಒಲೆ ಮ್ಯಾಲೆ ಮಸಾಲೆ ಇಟ್ಬಂದಿವ್ನಲ್ಲಾ!" ಎನ್ನುತ್ತಾ ಅವ್ವ ನೆಲಕ್ಕೆ ಕೈಯೂರಿದರು.

"ಏಳ್ಬ್ಯಾಡ!"

"ಸೀದೋಯ್ತದೆ ಕಣ್ಲಾ!"

ನಿಜ ಹೇಳಿದರೆ ಹೆದರುತ್ತಾರೆ. ಹೆದರಿದರೆ ಹೃದಯ ತಾನೇ ಓಡುತ್ತದೆ, ಅದಕ್ಕೆ ಯಾವ ಮಣೆಯೂ ಬೇಡ. ಬೋರೇಶನ ನಾಲಿಗೆಯ ಮೇಲೆ ಜೀವಮಾನದ ಸುಳ್ಳುಗಳೆಲ್ಲ ಒಟ್ಟಿಗೆ ನುಗ್ಗಿದವು.

"ವಾರ್ನಿಷ್ ಅವ್ವ! ಮಣೆಗೆ ಬೆಳಿಗ್ಗೆ ತಾನೇ ವಾರ್ನಿಷ್ ಹಚ್ಚಿದೀನಿ. ನಿನ್ನ ಸೀರೆ ಅಂಟ್ಕಂಡೈತೆ. ಎದ್ರೆ ಹಿಂದ್ಗಡೆ ಪೂರ್ತಿ ಹರ್ಕಂಡ್ ಬತ್ತದೆ. ಒಣಗಗಂಟ ಕುಂತಿರು."

ಅವ್ವ ಅರ್ಧಕ್ಕೆದ್ದಲ್ಲಿಂದ ದೊಪ್ಪನೆ ಕೂತರು. "ಮುಂಡೇಮಗ್ನೆ! ಕೂರೋಕ್ ಮುಂಚೆ ಬೊಗಳ್ಬಾರ್ದಾ? ಇದು ಪ್ರತಿಮ ತಂದ್ಕೊಟ್ಟಿದ್ ಸೀರೆ!"

ನೂರಾ ನಲವತ್ತೊಂದು.

"ಬೈಬ್ಯಾಡ ಕಣವ್ವ, ಬೈಬ್ಯಾಡ, ಹೊಸಾದು ಕೊಡಿಸ್ತೀನಿ..."

"ನೀನು? ಕೊಡಿಸ್ದಂಗೆ! ಒಲೆ ಆರ್ಸೋಗು ಮೊದ್ಲು, ಮನೆ ತುಂಬಾ ಒಗೆ!"

ಒಲೆ ಉರಿಯುತ್ತಿರುವವರೆಗೆ ಈ ಹೃದಯ ಇಳಿಯುವುದಿಲ್ಲ ಎಂಬುದು ಅವನಿಗೆ ಸ್ಪಷ್ಟವಾಯಿತು. ಪರದೆಯ ಮೇಲೆ ಇಳಿಜಾರಿನ ಒಂದು ಗೆರೆ ಎಳೆದ. ತಾನು ಬರುವವರೆಗೆ ಕಂಪ್ಯೂಟರೇ ಆ ಗೆರೆ ಹಿಡಿದು ಮೆಲ್ಲಗೆ ತಡ ಮಾಡುತ್ತಾ ಹೋಗಲಿ. ಜಾಸ್ತಿ ಇಳಿಜಾರಾಯಿತೇ? ಒಂದಿಷ್ಟು ಮಟ್ಟ ಮಾಡಿದ. ಹೆಡ್‌ಫೋನ್ ಕಿತ್ತೆಸೆದು ಓಡಿದ. ಅಡುಗೆ ಮನೆ ಹೊಗೆಯಿಂದ ತುಂಬಿತ್ತು. ಬರಿಗೈಯಲ್ಲೇ ಬಾಣಲೆಯನ್ನೆತ್ತಿ ಸಿಂಕಿಗೆ ಬಿಸಾಕಿ, ಒಲೆ ಆರಿಸಿ, ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ವಾಪಸ್ ಓಡಿ ಬಂದ. ಮೇಜಿನ ಮೇಲಿನ ಫೋನು ಅಷ್ಟು ಹೊತ್ತೂ ಅವನ ಹೆಸರು ಕೂಗುತ್ತಿತ್ತು.

ನೂರಾ ಮೂವತ್ನಾಲ್ಕು. ಗೆರೆ ಹರಿದಿರಲಿಲ್ಲ.

"ಆರಿಸ್ದಾ?" ಎಂದರು ಅವ್ವ.

"ಆರಿಸ್ದೆ."

"ಮಸಾಲೆ?"

"ಇಲ್ಲ ಅವ್ವ. ಓಯ್ತು."

"ಓಗ್ಲಿ ಬುಡು, ಇನ್ನೊಂದಪ ಉರ್ಕಂಡ್ರಾಯ್ತು," ಎಂದು ನಿಟ್ಟುಸಿರಿಟ್ಟರು. ಆ ಒಂದು ನಿಟ್ಟುಸಿರಿಗೇ ಗೆರೆ ಎರಡು ಮೆಟ್ಟಿಲು ಇಳಿಯಿತು.

ಮುಂದಿನದು ಒಂದು ಕೆಲಸ ಅಷ್ಟೇ, ಆದರೆ ಬೋರೇಶ ಅಲ್ಲಿಯವರೆಗೆ ಮಾಡಿದ್ದಕ್ಕೆಲ್ಲ ತದ್ವಿರುದ್ಧವಾದ ಕೆಲಸ. ಅವನ ಹಾಡುಗಳೆಲ್ಲ ಒಂದು ಡ್ರಾಪಿಗಾಗಿ ಕಾಯುತ್ತಿದ್ದವು, ಎಲ್ಲ ಸದ್ದೂ ಉಸಿರು ಬಿಗಿಹಿಡಿದು ಒಮ್ಮೆಲೇ ಬೇಸ್ ಬಂದು ಅಪ್ಪಳಿಸುವ ಆ ಕ್ಷಣಕ್ಕಾಗಿ. ಇಲ್ಲಿ ಏನೂ ಅಪ್ಪಳಿಸಬಾರದು. ಏನು ನಡೆಯುತ್ತಿದೆಯೆಂದು ಕೇಳುವವರಿಗೆ ಗೊತ್ತೇ ಆಗಬಾರದು. ಹೈಹ್ಯಾಟ್ ತೆಗೆದ. ಮೇಲಿನ ಸದ್ದುಗಳನ್ನೆಲ್ಲ ತೆಗೆದ. ಒಂದು ಕಿವಿಯಲ್ಲಿ ಕಿಕ್ ಮಾತ್ರ, ಇನ್ನೊಂದು ಕಿವಿಯಲ್ಲಿ ಅಕ್ಕ. ಕುರ್ಚಿಯನ್ನು ಅವ್ವನತ್ತ ಓರೆ ಮಾಡಿಕೊಂಡ.

"ಅವ್ವ, ಹಿತಿಕಿದ ಬ್ಯಾಳೆಗೆ ಮಸಾಲೆ ಹೆಂಗ್ ಮಾಡ್ತೀಯ?"

"ಇದೇನ್ಲಾ ಇವತ್ತು?"

"ಹೇಳವ್ವ, ನಾನೂ ಕಲೀತೀನಿ. ನಾಳೆ ಕಟ್ಕೊಂಡೋಳು ಅಡ್ಗೆ ಬರಲ್ಲ ಅಂದ್ರೆ?"

"ನಿಂಗ್ಯಾರ್ ಕೊಡ್ತಾರ್ಲಾ ಎಣ್ಣು, ಗುಡುಗುಡು ಮಾಡ್ಕಂಡ್ ಕುಂತಿರೋ ಮೂತಿಗೆ?" ಎಂದರೂ ಅವ್ವ ಶುರು ಮಾಡಿದರು. ಧನಿಯ ಮೊದಲು, ಸಣ್ಣ ಉರಿಯಲ್ಲಿ. ಚಕ್ಕೆ ಲವಂಗ ಆಮೇಲೆ. ಈರುಳ್ಳಿ ಬಾಡಿಸುವಾಗ ಆತುರ ಪಡಬಾರದು. ಬೋರೇಶ ಹೂಂ ಹೂಂ ಎನ್ನುತ್ತಾ ತಡವನ್ನು ಏರಿಸುತ್ತಿದ್ದ.

"ನೂರಾ ಹದಿನೆಂಟು," ಪ್ರತಿಮಾ ಪಿಸುಗುಟ್ಟಿದಳು. "ಹಂಗೇ. ಹಂಗೇ ಹೋಗು."

ಅಷ್ಟರಲ್ಲಿ ಬೋರೇಶ ಪರದೆ ನೋಡುವುದನ್ನು ಬಿಟ್ಟಿದ್ದ. ಅವ್ವನ ಬೆರಳುಗಳೇ ಸಾಕಾಗಿದ್ದವು. ಅವರು ಕಾಳು ಹಿಸುಕುತ್ತಿದ್ದದ್ದು ಆ ಗುದ್ದಿನ ತಾಳಕ್ಕೇ, ಅವರಿಗೂ ಗೊತ್ತಿಲ್ಲದೆ. ಗುದ್ದು ನಿಧಾನವಾದಂತೆ ಪಚಕ್ ನಿಧಾನವಾಗುತ್ತಿತ್ತು. ಈಗ ಒಂದು ಪಚಕ್ಕಿಗೂ ಇನ್ನೊಂದು ಪಚಕ್ಕಿಗೂ ನಡುವೆ ಒಂ‌ದು ಪದ ಹಿಡಿಸುವಷ್ಟು ಜಾಗ. "ತೆಂಗಿನಕಾಯಿ." ಪಚಕ್. "ಗಸಗಸೆ." ಪಚಕ್. ಅವರ ಕೆನ್ನೆಯ ಕೆಂಪು ಇಳಿಯುತ್ತಿತ್ತು. ಒಮ್ಮೆ ಬೆರಳು ಅರೆಕ್ಷಣ ತಪ್ಪಿತು. ಬೋರೇಶ ಮೌಸನ್ನು ಅಲ್ಲಾಡಿಸಲಿಲ್ಲ. ಅದು ಕಾಳಿನೊಳಗೆ ಹುಳು ಇದ್ದದ್ದಕ್ಕೆ, ಅಷ್ಟೇ. ಅವ್ವ ಅದನ್ನೆಸೆದು ಬೇರೆ ಕಾಳು ತೆಗೆದುಕೊಂಡರು.

ತೊಂಬತ್ತೈದು. ತೊಂಬತ್ತು. ಎಂಬತ್ನಾಲ್ಕು.

"ಮುಗೀತು," ಎಂದರು ಅವ್ವ, ಖಾಲಿ ಪಾತ್ರೆಯೊಳಗೆ ಕೈಯಾಡಿಸುತ್ತಾ. "ವಾರ್ನಿಷ್ ಒಣಗ್ತಾ?"

"ಇನ್ನೊಂಚೂರು."

"ಎಂಬತ್ತೊಂದು," ಎಂದಳು ಪ್ರತಿಮಾ. "ಬೋರ, ಸಾಕು. ಇದು ಅವ್ವಂದೇ ವೇಗ. ಈಗ ತಡ ಮಾಡ್ಬೇಡ. ಗುದ್ದಿನ ಸದ್ದು ಇಳಿಸು. ಬಸ್ಸು ನಿಲ್ಲಿಸ್ಬೇಕು, ಇಳಿಯೋರಿಗೆ ಗೊತ್ತಾಗ್ಬಾರ್ದು."

ಕೀಬೋರ್ಡಿನ ಮೇಲಿದ್ದ, ಸದ್ದು ಏರಿಸಿ ಇಳಿಸುವ ಫೇಡರಿನ ಮೇಲೆ ಬೆರಳಿಟ್ಟ. ಸುಟ್ಟ ಬೆರಳು, ಅದರಲ್ಲೇ ಎಳೆದ. ಕೂದಲೆಳೆ. ಕಿಕ್ ಸಣ್ಣದಾಯಿತು. ಇನ್ನೊಂದು ಕೂದಲೆಳೆ. ಕಿವಿಯಲ್ಲಿ ಈಗ ಅದು ದೂರದ ಓಣಿಯಲ್ಲಿ ಯಾರೋ ಒಗೆಯುತ್ತಿರುವ ಹಾಗೆ. ಫೇಡರ್ ತಳ ಮುಟ್ಟಲು ಇನ್ನು ಅಗುಳಷ್ಟೇ ದೂರವಿತ್ತು, ಅವನ ಕೈ ನಿಂತುಹೋಯಿತು.

"ಅಕ್ಕ, ನಿಲ್ಸಿದ್ರೆ ಅದು ತಾನೇ ಬಡೀತದಾ?"

"ನಿಲ್ಲಿಸ್ಲೇಬೇಕಲ್ಲ ಕಣೋ," ಎಂದಳು ಪ್ರತಿಮಾ.

ತಳಕ್ಕೆಳೆದ.

ಕಿವಿಯಲ್ಲಿ ಏನೂ ಇಲ್ಲ. ಪರದೆಯ ಮೇಲೆ ಸೆನ್ಸರಿನ ಗೆರೆ ಚಪ್ಪಟೆಯಾಗಿ ಎಡದಿಂದ ಬಲಕ್ಕೆ ಹೋಗುತ್ತಿತ್ತು, ಹೋಗುತ್ತಲೇ ಇತ್ತು. ಅವ್ವ ತಟ್ಟೆಯ ಬೇಳೆಯಲ್ಲಿ ಅಂಟಿದ್ದ ಸಿಪ್ಪೆಯೊಂದನ್ನು ಹೆಕ್ಕುತ್ತಿದ್ದರು. ಗೆರೆ ಚಪ್ಪಟೆ. ಆಮೇಲೆ ಒಂದು ಉಬ್ಬು ಎದ್ದಿತು. ತಡವಾಗಿ, ಯಾವ ಲೆಕ್ಕಕ್ಕೂ ಸಿಗದ ಜಾಗದಲ್ಲಿ. ಇನ್ನೊಂದು, ಕೊಂಚ ಮುಂಚೆಯೇ. ಮತ್ತೊಂದು. ಸಾಲು ತಪ್ಪಿ, ಹೆಜ್ಜೆ ಓರೆಯಾಗಿ, ತನ್ನ ಪಾಡಿಗೆ ತಾನು. ಬೇರೆ ದಿನವಾಗಿದ್ದರೆ ಅವುಗಳನ್ನೆಲ್ಲ ಮೌಸಿನಿಂದ ಎಳೆದು ಸಾಲಿಗೆ ನಿಲ್ಲಿಸುತ್ತಿದ್ದ. ಇವತ್ತು ಮೌಸಿನಿಂದ ಕೈ ತೆಗೆದು ತೊಡೆಯ ಕೆಳಗಿಟ್ಟುಕೊಂಡ.

"ಒಣಗಿದ್ರೆ ಏಳ್ತೀನಿ ಕಣ್ಲಾ, ಕಾಲು ಜೋಮು ಇಡಿದೈತೆ. ಕೈ ಕೊಡು."

ಎದ್ದು ಹೋಗಿ ಕೈ ಕೊಟ್ಟ. ಭುಜಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಕಿವಿಯಲ್ಲೇ ಇತ್ತು. ಅವ್ವನ ಮಣಿಕಟ್ಟನ್ನು ಹಿಡಿದೆಳೆದ. ಅವರು ಉಸ್ಸಪ್ಪಾ ಎನ್ನುತ್ತಾ ಎದ್ದು ನಿಂತು, ಸೀರೆಯ ಹಿಂಬದಿಯನ್ನು ತಡವಿ ನೋಡಿಕೊಂಡು ಹುಬ್ಬು ಗಂಟಿಕ್ಕಿದರು. ಆಮೇಲೆ ಮಣೆಯತ್ತ ನೋಡಿದರು.

"ಅದ್ಯಾವ್ದ್ಲಾ ಅಂಟು? ಇದನ್ನ ಇಲ್ಲೇ ಬುಟ್ಟಿರು ನಾಳೀಕೆ. ಮಂಡಿ ನೋವು ಚೂರೂ ಇಲ್ಲ. ಜಯಮ್ಮಂಗೂ ಏಳ್ತೀನಿ, ಅವ್ಳೂ ಬಂದ್ ಕೂತ್ಕತಾಳೆ. ಅವ್ಳಿಗಂತೂ ಸೊಂಟನೇ ಇಲ್ಲ."

"ಬೋರ!" ಫೋನಿನಲ್ಲಿ ಪ್ರತಿಮಾ ಚೀರಿದಳು. "ಗೆರೆ ಹೋಯ್ತು! ಪೂರ್ತಿ ಹೋಯ್ತು ಕಣೋ! ಬೋರ, ಅವ್ವ? ಅವ್ವ ಏನಾದ್ಲು?"

ಮಣೆ ಖಾಲಿಯಾಗಿತ್ತು. ಮೈಸೂರಿನ ಗೋಡೆಯ ಮೇಲೆ ಅದು ಹೇಗೆ ಕಾಣುತ್ತದೆಂಬುದು ಅವನಿಗೆ ಗೊತ್ತಿತ್ತು. ಅವ್ವನ ಮಣಿಕಟ್ಟಿನ ಒಳಗಡೆ, ಬಳೆಗಳ ಕೆಳಗೆ, ಅವನ ಹೆಬ್ಬೆರಳು ನಾಡಿಯ ಜಾಗ ಹುಡುಕಿಕೊಂಡಿತು.

"ಎದ್ದಾಯ್ತಲ್ಲ, ಬುಡ್ಲಾ ಕೈಯ," ಎಂದರು ಅವ್ವ.

ಬಿಡಲಿಲ್ಲ.

"ಐತೆ ಕಣಕ್ಕ," ಎಂದ. "ಐತೆ. ನನ್ ಕೈಲೈತೆ."

"ಏನ್ಲಾ ಅದು ಕೈಲಿರೋದು?" ಎಂದು ಅವ್ವ ಬಗ್ಗಿ ನೋಡಿದರು. "ನಂಗೂ ತೋರ್ಸು."